ನನ್ನ ಬಲಗಾಲಿನ ಮೇಲಿನ ತಕರಾರು

ಬೈಲಹೊಂಗಲದ ಬಸ್ ಸ್ಟ್ಯಾಂಡಿನಿಂದ ಹಿಡಿದು ತೊರಗಲ್ಲಿನ ಅಗಸಿ ಕಟ್ಟೆಯವರೆಗೆ ನನ್ನ ಬಲಗಾಲಿನ ಬಗ್ಗೆ ಮಾತಾಡಿದವರು ಬಹಳ ಮಂದಿ. ಅವರೆಲ್ಲರ ಹೆಸರು ನನಗೆ ಗೊತ್ತು. ಒಬ್ಬೊಬ್ಬರ ಮನೆಗೂ ಹೋಗಿ ಬಾಗಿಲು ಬಡಿದು, ನಡೆದದ್ದು ಏನೆಂದು ಹೇಳಿಬರಬೇಕೆಂದು ಹೊರಟಿದ್ದೆ. ಅಷ್ಟು ಮನೆ ತಿರುಗಿದರೆ ಕಾಲು ನಿಜವಾಗಿಯೇ ಕೆಡುತ್ತದೆ ಎಂದು ನಮ್ಮವ್ವ ತಡೆದಳು. ಅದಕ್ಕೇ ಬರೆಯುತ್ತಿದ್ದೇನೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ. ಕಾಲನ್ನು ಮಾತ್ರ ಯಾರೂ ತಿದ್ದಲು ಬರಬಾರದು. ಅದು ಸರಿಯಾಗಿದೆ.

ನನ್ನ ಹೆಸರು ಜಟ್ಟೆಪ್ಪ. ಬೈಲಹೊಂಗಲದ ಅಂದಾನೆಪ್ಪ ಸಾಹುಕಾರರ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಆರು ವರ್ಷ ಹತ್ತಿಯ ಅಂಡಿಗೆ ಹೊತ್ತವನು. ಎಪ್ಪತ್ತೈದನೆಯ ಇಸವಿಯ ಶ್ರಾವಣದಲ್ಲಿ ಸಾಹುಕಾರರು ಬೆಳಗಾವಿಯ ಡಾಕ್ಟರೊಬ್ಬರಿಂದ ಹಳೆಯ ಅಂಬಾಸಿಡರ್ ಕಾರು ಕೊಂಡು ತಂದರು. ಅಂಗಳದಲ್ಲಿ ಅದನ್ನು ನಿಲ್ಲಿಸಿ, ಹೊಡೆಯಲು ಯಾರಿಗೆ ಬರುತ್ತದೆ ಎಂದು ಕೇಳಿದರು. ನನಗೆ ಬರುತ್ತಿತ್ತು. ಲೈಸೆನ್ಸೂ ಇತ್ತು. "ನನಗ ಬರತೈತ್ರಿ" ಎಂದಿದ್ದರೆ ಸಾಕಿತ್ತು. ಆದರೆ ಹತ್ತಿಪ್ಪತ್ತು ಹಮಾಲರು ನೋಡುತ್ತಿರುವಾಗ ಬಾಯಿ ಅಷ್ಟಕ್ಕೆ ನಿಲ್ಲುವುದಿಲ್ಲ.

"ಹುಬ್ಬಳ್ಳಿ ಗ್ಯಾರೇಜಿನಾಗ ಇದ್ದಾವ ರೀ ನಾ" ಎಂದೆ. "ಇಂಜಿನ್ ಒಮ್ಮಿ ಕೆಮ್ಮಿದ್ರ ಸಾಕು, ಯಾವ ಜಡ್ಡು ಅಂತ ಕುಂತಲ್ಲೆ ಹೇಳತೇನಿ."

ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ನಾನು ಇದ್ದದ್ದು ಸುಳ್ಳಲ್ಲ. ಎರಡು ತಿಂಗಳು ಸೀಮೆಎಣ್ಣೆಯಲ್ಲಿ ನಟ್ಟು ತೊಳೆದಿದ್ದೇನೆ. ಮೂರನೆಯ ತಿಂಗಳು ನಾನು ಜೋಡಿಸಿದ ಒಂದು ಇಂಜಿನ್ನಿನಲ್ಲಿ ನಾಲ್ಕು ನಟ್ಟು ಹೆಚ್ಚಾಗಿ ಉಳಿದವು ಎಂಬ ಕ್ಷುಲ್ಲಕ ಕಾರಣಕ್ಕೆ ಮಾಲಕನಿಗೂ ನನಗೂ ಜಗಳವಾಗಿ ಬಂದುಬಿಟ್ಟೆ.

ಅಂತೂ ಅಂಡಿಗೆ ಇಳಿಸಿ ಸ್ಟೇರಿಂಗ್ ಹಿಡಿದೆ. ತೊರಗಲ್ಲಿನ ಮಲಕಾಜಪ್ಪ ಎಂಬ ರೈತ ಅಲ್ಲಿಯವರೆಗೆ "ಹಮಾಲಗ ಹೆಣ್ಣು ಕೊಡಂಗಿಲ್ಲ" ಎನ್ನುತ್ತಿದ್ದವನು, "ಡ್ರೈವರ ಆದ್ರ ವಿಚಾರ ಮಾಡೂಣು" ಎಂದು ಹೇಳಿ ಕಳಿಸಿದ. ಅಂದರೆ ನನ್ನ ಬದುಕು ಪೂರ್ತಿ ಆ ಕಾರಿನ ಮುಂದಿನ ಸೀಟಿನ ಮೇಲೆ ಕುಳಿತಿತ್ತು. ಸೀಟು ಹೋದರೆ ಅಂಡಿಗೆ, ಅಂಡಿಗೆ ಬಂದರೆ ಮಲಕಾಜಪ್ಪನ ಮಗಳಿಲ್ಲ.

ಖಂಡೇನವಮಿ ಬಂತು. ಕಾರನ್ನು ತೊಳೆದು, ಚೆಂಡುಹೂವು ಏರಿಸಿ ನಿಲ್ಲಿಸಿದೆ. ಪೂಜೆಗೆ ಸಾಹುಕಾರರ ತಾಯಿ ರಾಚವ್ವ ಬಂದಳು. ಎಂಬತ್ತರ ಹತ್ತಿರದ ಮುದುಕಿ. ಫ್ಯಾಕ್ಟರಿಯ ಸೈರನ್ ಕೆಟ್ಟ ದಿನ ಆಕೆಯ ದನಿಯ ಮೇಲೆಯೇ ಕೆಲಸ ಸುರುವಾದದ್ದುಂಟು. ಬಾನೆಟ್ ತೆರೆಸಿ, ತಾಟು ಹಿಡಿದು ಇಂಜಿನ್ನಿನ ಮುಂದೆ ನಿಂತಳು.

"ಜಟ್ಟ್ಯಾ, ಒಳಗ ಕುಂಡ್ರು. ಇದನ್ನ ಒದರಸು."

ಕೂತು ಚಾಲೂ ಮಾಡಿದೆ. ಎಕ್ಸಲೇಟರ್ ಒತ್ತಿದೆ.

"ಬಿಡು. ಹಾಂ, ಇನ್ನೊಮ್ಮಿ. ಬಿಡು. ಇನ್ನೊಮ್ಮಿ."

ತೆರೆದ ಬಾನೆಟ್ ಅಡ್ಡ ಇದ್ದುದರಿಂದ ಆಚೆ ಆಕೆ ಏನು ಮಾಡುತ್ತಿದ್ದಾಳೆಂದು ನನಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಅರಿಶಿನದ ಕೈ ಒರೆಸಿಕೊಳ್ಳುತ್ತ ಈಚೆ ಬಂದಳು. "ಎಲ್ಲವ್ವನ ಕಂಕಣ ಕಟ್ಟೇನಿ. ಇನ್ನ ಎಲ್ಲಿ ಬೇಕಾದಲ್ಲಿ ಹೋಗ್ರಿ."

ಬಾನೆಟ್ ಮುಚ್ಚುವಾಗ ನೋಡಿದೆ. ಸಳಿಗಳ ನಡುವೆ ಹಳದಿ ದಾರ, ದಾರದ ತುದಿಗೆ ಹೆಬ್ಬೆರಳಿನಷ್ಟು ದಪ್ಪದ ಅರಿಶಿನದ ಬೇರು. ಕೈಮುಗಿದು ಮುಚ್ಚಿದೆ. ಡ್ರೈವರನಾದವನು ದೇವರ ಕಂಕಣಕ್ಕೆ ಕೈಮುಗಿಯಬೇಕೇ ಹೊರತು ಅದನ್ನು ಎಲ್ಲಿ ಕಟ್ಟಿದ್ದಾರೆಂದು ತನಿಖೆ ಮಾಡಬಾರದು.

ಮರುವಾರ ಮಂಗಳವಾರ ಸಾಹುಕಾರರನ್ನು ಕೂರಿಸಿಕೊಂಡು ಎಲ್ಲಮ್ಮನ ವಾರದ ದರ್ಶನಕ್ಕೆ ಸವದತ್ತಿಗೆ ಹೊರಟೆ. ಬಯಲು ದಾರಿಯಲ್ಲಿ ಕಾರು ನೀರಿನ ಮೇಲೆ ಹೋದಂತೆ ಹೋಯಿತು. ಸವದತ್ತಿ ದಾಟಿ ಎಲ್ಲಮ್ಮನ ಗುಡ್ಡದ ಏರು ಸುರುವಾದ ಕೂಡಲೇ ಮೇವು ತಿಂದ ಎಮ್ಮೆಯಂತಾಯಿತು. ಎಕ್ಸಲೇಟರನ್ನು ತಳಕ್ಕೆ ಒತ್ತಿದೆ. ಗೇರು ಇಳಿಸಿದೆ. ಎರಡನೆಯ ತಿರುವಿನಲ್ಲಿ ಅದು ಇನ್ನು ಹೋಗುವುದಿಲ್ಲ ಎಂದು ನಿರ್ಧಾರ ಮಾಡಿ ನಿಂತಿತು. ಸಾಹುಕಾರರು ಇಳಿದರು. ಹಿಂದಿನಿಂದ ಬಂದ ಒಂದು ಚಕ್ಕಡಿ ನಮ್ಮ ಪಕ್ಕ ನಿಧಾನ ಮಾಡಿತು.

"ಸಾಹುಕಾರ್ರ, ಹಗ್ಗ ಕೊಡ್ಲೇನ್ರಿ?" ಎಂದ ಚಕ್ಕಡಿ ಹೊಡೆಯುವವ.

ಸಾಹುಕಾರರು ಗುಡ್ಡದ ಕಡೆ ತಿರುಗಿ ಕೈಮುಗಿದು, ಕೇಳಿಸದವರಂತೆ ನಿಂತರು. ಚಕ್ಕಡಿ ಏರಿಹೋಯಿತು. ಆಮೇಲೆ ನನ್ನನ್ನು ಕೇಳಿದರು. "ಏನಪಾ, ಕೆಮ್ಮಿದ್ರ ಹೇಳತೇನಿ ಅಂದಿದ್ದೆಲ್ಲ. ಏನ್ ಜಡ್ಡು?"

"ಪೆಟ್ರೋಲಿನಾಗ ನೀರು ಬಂದೈತ್ರಿ" ಎಂದೆ, ಕುಂತಲ್ಲೇ.

ಪೆಟ್ರೋಲ್ ತೆಗೆದು ಬೇರೆ ಹಾಕಿಸಿದರು. ಮರುವಾರ ಅದೇ ತಿರುವಿನಲ್ಲಿ ನಿಂತಿತು. ಪ್ಲಗ್ಗಿನ ದೋಷ ಎಂದೆ. ಹೊಸ ಪ್ಲಗ್ ಬಂದವು. ನಿಂತಿತು. ಇಂಜಿನ್ನಿಗೆ ಗಾಳಿ ಸಾಲದು ಎಂದು ಜಾಳಿಗೆ ತೆಗೆದು ಝಾಡಿಸಿದೆ. ಅದೇ ತಿರುವು. ಆ ತಿರುವಿನ ಕಲ್ಲುಗಳಿಗೆ ನಮ್ಮ ಗುರುತು ಹತ್ತಿತ್ತು. ಆದರೆ ಪ್ರತಿ ಸಲವೂ ನಾನು ಅಷ್ಟೇ ಧೈರ್ಯದಿಂದ ಜಡ್ಡಿನ ಹೆಸರು ಹೇಳಿದೆ ಎಂಬುದನ್ನು ಓದುವವರು ಗಮನಿಸಬೇಕು.

ಕಡೆಗೆ ಊರಿನ ಶಂಕ್ರೆಪ್ಪ ಮಿಸ್ತ್ರಿಯನ್ನು ಕರೆಸಿದರು. ಮೂವತ್ತು ವರ್ಷದ ಅನುಭವಸ್ಥ. ಬಾನೆಟ್ ತೆರೆದ. ಮೊದಲು ಕಂಕಣ ಕಂಡಿತು. ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ದೇವರ ವಸ್ತುವಿಗೆ ಎಣ್ಣೆ ಜಿಡ್ಡು ತಾಗಬಾರದೆಂದು ಎಡಗೈಯಿಂದ ಅದನ್ನು ಭಕ್ತಿಯಿಂದ ಮೇಲೆತ್ತಿ ಹಿಡಿದ. ಬಲಗೈಯಿಂದ ಕಾರ್ಬೊರೇಟರಿನ ಪಕ್ಕದ ಲಿವರನ್ನು ತಿರುಗಿಸಿದ. ಇಂಜಿನ್ ಗರ್ಜಿಸಿತು. ಓಣಿಯ ನಾಯಿಗಳು ಓಡಿದವು.

"ಹುಲಿ ಐತ್ರಿ ಸಾಹುಕಾರ್ರ, ಹುಲಿ" ಎಂದ. ಕಂಕಣವನ್ನು ಮೆಲ್ಲಗೆ ಮೊದಲಿನ ಹಾಗೇ ಇಳಿಬಿಟ್ಟು, ಬಾನೆಟ್ ಮುಚ್ಚಿ, ಚಹಾ ಕುಡಿದು ಹೋದ.

ಹುಲಿ ಮಂಗಳವಾರ ಎರಡನೆಯ ತಿರುವಿನಲ್ಲಿ ಮಲಗಿತು.

ಸವದತ್ತಿಯ ಮಿಸ್ತ್ರಿಯೊಬ್ಬ ನೋಡಿದ. ಅವನೂ ಕಣ್ಣಿಗೊತ್ತಿಕೊಂಡ, ಎತ್ತಿ ಹಿಡಿದ, ತಿರುಗಿಸಿದ, ಹುಲಿ ಎಂದ. ಆಗ ಸಾಹುಕಾರರ ತಂಗಿಯ ಮಗ ವೀರಪ್ಪ ರಜೆಗೆ ಬಂದಿಳಿದ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದವನು. ಮೂರು ವರ್ಷದ ಓದನ್ನು ಐದನೆಯ ವರ್ಷವೂ ಬಿಡದೆ ಓದುತ್ತಿದ್ದ, ಅಷ್ಟು ಆಳವಾದ ಅಭ್ಯಾಸ. ಅಂಗಿಯ ಕಿಸೆಯಲ್ಲಿ ಮೂರು ಪೆನ್ನು. ದೇವರನ್ನು ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಆದರೆ ಅವನು ಬಾನೆಟ್ ತೆರೆದಾಗ ಅಜ್ಜಿ ರಾಚವ್ವ ಕಿಟಕಿಯಲ್ಲಿ ನಿಂತಿದ್ದಳು. ಅವನೂ ಕಂಕಣವನ್ನು ಎರಡು ಬೆರಳಿನಿಂದ ಎತ್ತಿ ಹಿಡಿದೇ ಲಿವರ್ ತಿರುಗಿಸಿದ. ವಹಿಯಲ್ಲಿ ಏನೋ ಬರೆದುಕೊಂಡ. ಆಮೇಲೆ ಎಲ್ಲರನ್ನೂ ಅಂಗಳಕ್ಕೆ ಕರೆದ.

"ಮಾಮಾ, ಲೆಕ್ಕ ಸರಳ ಐತಿ" ಎಂದ. "ಲಿವರ್ ಪೂರಾ ತಿರಗತೈತಿ. ಕಾರ್ಬೊರೇಟರ್ ಪೂರಾ ತೆರೀತೈತಿ. ಕೈಲೆ ತಿರುವಿದ್ರ ಹುಲಿ, ಇವ ಕುಂತು ಒತ್ತಿದ್ರ ಬೆಕ್ಕು. ಹಂಗಾರ ದೋಷ ಮಷಿನಿನಾಗ ಇಲ್ಲ. ಎಕ್ಸಲೇಟರಿನ ಮ್ಯಾಲ ಏನ್ ಇರತೈತಿ ಹೇಳ್ರಿ."

ಜನ ಬಗ್ಗಿ ಕಾರಿನೊಳಗೆ ನೋಡಿದರು.

"ಇವನ ಕಾಲು" ಎಂದ ವೀರಪ್ಪ, ಪೆನ್ನಿನಿಂದ ತೋರಿಸುತ್ತ. "ತಾ ಎಷ್ಟು ಒತ್ತೇನಿ ಅನ್ನೂದು ಇವನ ಕಾಲಿಗೆ ತಿಳೀವಲ್ದು. ಅರ್ಧಾ ಒತ್ತತೈತಿ, ಪೂರಾ ಒತ್ತೇನಿ ಅಂತ ತಲಿಗೆ ಸುದ್ದಿ ಕಳಸತೈತಿ."

ಅಂಗಳದ ಇಪ್ಪತ್ತು ಜನ ನನ್ನ ಬಲಗಾಲು ನೋಡಿದರು. ನಾನೂ ನೋಡಿದೆ. ಇಪ್ಪತ್ತನಾಲ್ಕು ವರ್ಷ ನನ್ನ ಜೊತೆಗೇ ಇದ್ದ ಕಾಲು. ಒಮ್ಮೆಯೂ ಸುಳ್ಳು ಸುದ್ದಿ ಕಳಿಸಿರಲಿಲ್ಲ.

"ಏ ವೀರಪ್ಪಾ, ಇದ ಕಾಲಿನ ಮ್ಯಾಲ ಆರು ವರ್ಷ ನಿಮ್ಮ ಮಾವನ ಅಂಡಿಗಿ ಹೊತ್ತೇನಿ" ಎಂದೆ.

"ಅದಕ್ಕ ಹಿಂಗಾಗೇತಿ" ಎಂದ ಅವನು. ಜನ ಹೌದೆಂದು ತಲೆಯಾಡಿಸಿದರು. ಓದಿದವನ ಬಾಯಿಗೆ ನಾವು ಏನು ಹಾಕಿದರೂ ಅದು ಅವನ ಪುರಾವೆಯೇ ಆಗುತ್ತದೆ.

ಸಂಜೆಯೊಳಗೆ ಸುದ್ದಿ ಊರು ತುಂಬಿತು. ಹೋಟೆಲಿನಲ್ಲಿ ನನಗೆ ಕುಳಿತಲ್ಲಿಗೇ ಚಹಾ ತಂದುಕೊಟ್ಟರು, ಎದ್ದು ಬರಲು ಆಗುವುದಿಲ್ಲವೆಂದು. ನೆರೆಮನೆಯ ಸೀತವ್ವ ಹಿತ್ತಲಿನಿಂದಲೇ ನಮ್ಮವ್ವನಿಗೆ, "ನಮ್ಮ ಎಮ್ಮಿಗೂ ಹಿಂಗ ಆಗಿತ್ತವ್ವಾ, ಹಿಂದಿನ ಬಲಗಾಲು. ಮಾರಿಬಿಟ್ವಿ" ಎಂದು ಸಮಾಧಾನ ಹೇಳಿದಳು. ನಮ್ಮವ್ವ ಮರೆವ್ವ ಆ ದಿನದಿಂದ ನನ್ನ ಕಾಲಿಗೆ ಔಡಲೆಣ್ಣೆ ತಿಕ್ಕತೊಡಗಿದಳು. ಎಣ್ಣೆಯ ಕಾಲು ಎಕ್ಸಲೇಟರಿನಿಂದ ಜಾರತೊಡಗಿತು. ನೋಡಿದಿರಾ ಎಂದ ವೀರಪ್ಪ.

ಸುದ್ದಿ ಬಸ್ಸು ಹತ್ತಿತು. ದೊಡವಾಡದಲ್ಲಿ ಇಳಿಯುವಾಗ ನನ್ನ ಕಾಲಿಗೆ ಲಕ್ವಾ ಹೊಡೆದಿತ್ತು. ಕಿತ್ತೂರಿನಲ್ಲಿರುವ ನನ್ನ ಅಕ್ಕ ರಾಯವ್ವನಿಗೆ ಮುಟ್ಟುವಷ್ಟರಲ್ಲಿ ಕಾಲೇ ಇರಲಿಲ್ಲ. ಅಳುತ್ತ ಬಂದು ಬಾಗಿಲು ಬಡಿದಳು. ನಾನು ನಡೆದು ಹೋಗಿ ತೆರೆದೆ. ನನ್ನ ಎರಡೂ ಕಾಲು ನೋಡಿ ಇನ್ನೂ ಜೋರಾಗಿ ಅತ್ತಳು. ಕೈಯಲ್ಲಿ ಹೊಸ ಊರುಗೋಲು ಇತ್ತು.

"ಕಾಲು ಐತೆಲ್ಲೋ ನಿಂದು" ಎಂದಳು.

"ಐತಿ."

"ಬಸ್ಸಿನಾಗ ಮಂದೀಗಿ ಬಡೀದಂಗ ಹಿಡಕೊಂಡು ಬಂದೇನಿ ಇದನ್ನ. ಮೊದಲ ಹೇಳಾಕ ಏನಾಗಿತ್ತು?" ಎಂದು ಅದೇ ಕೋಲಿನಿಂದ ಒಂದು ಕೊಟ್ಟಳು. ಬಲಗಾಲಿಗೇ ಕೊಟ್ಟಳು.

ಅವ್ವ ಅಕ್ಕ ಇಬ್ಬರೂ ಸೇರಿ ನನ್ನನ್ನು ನೇಸರಗಿಗೆ ಕರೆದುಕೊಂಡು ಹೋದರು. ಅಲ್ಲಿ ಎಲುಬು ಕೂಡಿಸುವ ಅಮೋಘಸಿದ್ದಪ್ಪ ಇದ್ದಾನೆ. ನೂಲಿನಿಂದ ನನ್ನ ಎರಡೂ ಕಾಲು ಅಳೆದ. ಮೂರು ಸಲ ಅಳೆದ. "ಎರಡೂ ಸಮ ಅದಾವು" ಎಂದ.

"ಮತ್ತ ಚಲೋ ಆತಲ್ರಿ" ಎಂದೆ.

"ಎಲ್ಲಿ ಚಲೋ? ಮನಷಾನ ಕಾಲು ಸಮ ಇರಬಾರದು ತಮ್ಮಾ. ಒಂದು ಕೂದಲೆಳಿ ಫರಕು ಇರಬೇಕು. ದೋಷ ಇಲ್ಲೇ ಐತಿ."

ಸಾಹುಕಾರರು ಸರ್ಟಿಫಿಕೇಟ್ ಕೇಳಿದರು. ದವಾಖಾನೆಗೆ ಹೋದೆ. ಡಾಕ್ಟರು ರಜೆಯಲ್ಲಿದ್ದರು. ಕಂಪೌಂಡರ್ ನನ್ನ ಕಾಲನ್ನು ಬಹಳ ಹೊತ್ತು ನೋಡಿ, ಕಾಗದ ತೆಗೆದು, ಜಟ್ಟೆಪ್ಪ ಎಂಬವರಿಗೆ ಬಲಗಾಲು ಇರುತ್ತದೆ ಎಂದು ಬರೆದು ಸಿಕ್ಕಾ ಹೊಡೆದ.

"ಕೆಲಸಾ ಮಾಡತೈತಿ ಅಂತನೂ ಬರೀರಿ" ಎಂದೆ.

"ಅದನ್ನ ಬರಿಯೂ ಅಧಿಕಾರ ನನಗಿಲ್ಲ. ಇರೂದನ್ನ ಬರದೇನಿ. ಇದ ದೊಡ್ಡದು."

ಕೊನೆಗೆ ತೊರಗಲ್ಲಿನಿಂದ ಮಲಕಾಜಪ್ಪನೇ ಬಂದ. ಹೆಗಲ ಮೇಲೆ ಟುವಾಲು, ಮುಖದ ಮೇಲೆ ಸಂಶಯ. ಅವ್ವ ಕೊಟ್ಟ ನೀರನ್ನೂ ಕುಡಿಯದೆ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸಂತೆಯಲ್ಲಿ ಎತ್ತು ನೋಡುವವನಂತೆ ನನ್ನ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಹಿಮ್ಮಡಿ ಬಡಿದ. ಮೀನಖಂಡ ಒತ್ತಿದ.

"ನಡದು ತೋರಸು ತಮ್ಮಾ."

ನಡೆದೆ.

"ತಿರಗು."

ತಿರುಗಿದೆ. ಇನ್ನೇನು ಹಲ್ಲು ತೋರಿಸು ಎನ್ನುತ್ತಾನೆಂದು ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡೆ.

"ಮ್ಯಾಲೆ ನೋಡಾಕ ಚಲೋ ಐತಿ" ಎಂದ ಅವ್ವನಿಗೆ. "ಆದ್ರ ಎತ್ತಿನ ಗುಣ ಏರಿನಾಗ ತಿಳೀತೈತಿ. ಬರೂ ಮಂಗಳವಾರ ಸವದತ್ತಿಗೆ ಬರತೇನಿ. ಗಾಡಿ ಗುಡ್ಡ ಏರಿದ್ರ ಮಾತಾಡೂಣು. ಇಲ್ಲಂದ್ರ ನೀವೂ ಬ್ಯಾರೆ ನೋಡ್ರಿ, ನಾವೂ ಬ್ಯಾರೆ ನೋಡತೇವಿ."

ಸಾಹುಕಾರರೂ ಅದೇ ಮಂಗಳವಾರ ಹೇಳಿದರು. ಏರಿದರೆ ಸೀಟು ನನ್ನದು. ಏರದಿದ್ದರೆ ಕೀಲಿ ವೀರಪ್ಪನ ಗೆಳೆಯನೊಬ್ಬನಿಗೆ, ಅಂಡಿಗೆ ನನಗೆ. ರಾಚವ್ವನೂ ಬರುವವಳಿದ್ದಳು. ಹಿಂದಿನ ದಿನ ಅಂಗಳದಲ್ಲಿ ನನ್ನನ್ನು ಕರೆದು ಕೇಳಿದಳು. "ಜಟ್ಟ್ಯಾ, ಕಂಕಣಾ ಇನ್ನೂ ಐತೇನು ಗಾಡೀಗಿ?"

"ಐತ್ರಿ ಅವ್ವಾರ."

"ಹಂಗಾರ ಏರತೈತಿ ಬಿಡು."

ಮಂಗಳವಾರ ಮುಂದೆ ಸಾಹುಕಾರರು, ಹಿಂದೆ ರಾಚವ್ವ ಮತ್ತು ವಹಿ ಹಿಡಿದ ವೀರಪ್ಪ. ಸವದತ್ತಿಯಲ್ಲಿ ಮಲಕಾಜಪ್ಪ ಕಾಯುತ್ತಿದ್ದ. ಕಾರಿನಲ್ಲಿ ಜನ್ಮದಲ್ಲಿ ಕೂತವನಲ್ಲ. ಚಪ್ಪಲಿ ಹೊರಗೇ ಬಿಟ್ಟು ಹತ್ತಿದ. ನಾನು ಇಳಿದು ಅವುಗಳನ್ನು ಎತ್ತಿ ಒಳಗಿಟ್ಟೆ. ಅಳಿಯನಾಗುವವನು ಇಷ್ಟು ಮಾಡಲೇಬೇಕು. ಅವನು ಮಾತ್ರ ಇನ್ನೂ "ತಮ್ಮಾ" ಎನ್ನುತ್ತಿದ್ದ.

ಮೊದಲ ತಿರುವು ದಾಟಿತು. ನಾನು ಎಕ್ಸಲೇಟರ್ ಒತ್ತಿದ್ದು ಹೇಗೆಂದರೆ, ಸೀಟಿನಿಂದ ನನ್ನ ಸೊಂಟವೇ ಮೇಲೆದ್ದಿತ್ತು. ಹಿಂದಿನ ಸೀಟಿನಿಂದ ಮಲಕಾಜಪ್ಪ ಬಗ್ಗಿ ನನ್ನ ಪಾದವನ್ನೇ ನೋಡುತ್ತಿದ್ದ. ಎರಡನೆಯ ತಿರುವು ಬಂತು. ಕಾರು ನರಳಿತು, ನಡುಗಿತು, ತನ್ನ ಕಲ್ಲುಗಳ ಗುರುತು ಹಿಡಿದು ನಿಂತಿತು.

"ನೋಡಿದ್ರೆಲ್ಲ ಮಾಮಾ" ಎಂದ ವೀರಪ್ಪ.

ಸಾಹುಕಾರರು ಇಳಿದರು. ಕೈ ಚಾಚಿದರು. "ಜಟ್ಟೆಪ್ಪಾ, ಕೀಲಿ ಕೊಡು."

ಸಿಟ್ಟು ನನಗೆ ಪಾದದಿಂದ ಏರಿತು. ಅದೇ ಬಲಪಾದದಿಂದ. ಚಕ್ರಕ್ಕೆ ಎರಡು ಕಲ್ಲು ಕೊಟ್ಟೆ. ಗೇರು ಬಿಡಿಸಿ, ಕೈಬ್ರೇಕ್ ಎಳೆದು, ಇಂಜಿನ್ ಚಾಲೂ ಇಟ್ಟು ಕೆಳಗಿಳಿದೆ.

"ಕೊಡತೇನ್ರಿ" ಎಂದೆ. "ಅದಕ್ಕೂ ಮೊದಲ ಬ್ಯಾರೆ ಕಾಲು ಇಟ್ಟು ತೋರಸ್ರಿ. ನನ್ನ ಕಾಲು ಸುಳ್ಳು ಹೇಳತೈತಿ ಅಂದ್ರ ಖರೇ ಹೇಳೂ ಕಾಲು ಯಾರದೈತಿ, ಅವರು ಕುಂತು ಒತ್ತಲಿ. ಇಂಜಿನ್ ಹೆಂಗ ಒದರತೈತಿ ಅಂತ ನಾ ಇಲ್ಲಿ ನಿಂತು ನೋಡತೇನಿ. ಏನಪಾ ವೀರಪ್ಪಾ, ಕುಂಡ್ರು."

"ನಂದು ಥಿಯರಿ" ಎಂದ ವೀರಪ್ಪ.

ಸಾಹುಕಾರರು ಡ್ರೈವರನ ಸೀಟಿನಲ್ಲಿ ಕೂರುವ ಮಾತೇ ಇಲ್ಲ. ಆಗ ಮಲಕಾಜಪ್ಪ ಗಂಟಲು ಸರಿಮಾಡಿಕೊಂಡ.

"ನಾ ಒತ್ತತೇನ್ರಿ. ಮೂವತ್ತು ವರ್ಷ ಎತ್ತಿನ ಹಿಂದ ಹೊಲದಾಗ ಕುಂಟಿ ಹೊಡದ ಕಾಲು ಇದು. ಸುಳ್ಳು ಹೇಳಂಗಿಲ್ಲ."

ಧೋತರ ಮೇಲೆ ಕಟ್ಟಿ ಒಳಗೆ ಕೂತ. ಸ್ಟೇರಿಂಗಿಗೆ ಕೈಮುಗಿದ. "ಎಲ್ಲಿ ತುಳೀಬೇಕು?"

"ಬಲಗಡೀ ಕಡೀದು. ನಾ ಅಂದಾಗ ಒತ್ರಿ, ಬಿಡು ಅಂದ್ರ ಬಿಡ್ರಿ."

ಬಾನೆಟ್ ಎತ್ತಿ ಇಂಜಿನ್ನಿನ ಮೇಲೆ ಬಾಗಿದೆ. ಇಲ್ಲಿ ಒಂದು ಮಾತು ಹೇಳಬೇಕು. ಖಂಡೇನವಮಿಯ ಪೂಜೆಯ ಹೊತ್ತು ಬಿಟ್ಟರೆ ಇಷ್ಟು ದಿನ ನಾನು ಒಳಗಿದ್ದಾಗ ಬಾನೆಟ್ ಮುಚ್ಚಿತ್ತು, ಬಾನೆಟ್ ತೆರೆದಾಗ ನಾನು ಹೊರಗಿದ್ದೆ. ಕಾಲು ಒತ್ತುತ್ತಿರುವಾಗ ಇಂಜಿನ್ನಿನ ಮುಖ ಹೇಗಿರುತ್ತದೆಂದು ನಾನಷ್ಟೇ ಅಲ್ಲ, ಯಾವ ಮಿಸ್ತ್ರಿಯೂ ನೋಡಿರಲಿಲ್ಲ. ನೋಡಿದವಳು ಒಬ್ಬಳೇ. ಆಕೆ ಹಿಂದಿನ ಸೀಟಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಒತ್ರಿ" ಎಂದೆ.

ಮಲಕಾಜಪ್ಪ ಕಾರಿನ ತಳ ಕಿತ್ತುಬರುವ ಹಾಗೆ ತುಳಿದ. ಎಕ್ಸಲೇಟರಿನಿಂದ ಬಂದ ಕಬ್ಬಿಣದ ಸಳಿ ಎಳೆಯಿತು. ಸಳಿ ಎಳೆದಂತೆ ಲಿವರ್ ತಿರುಗಿತು. ಲಿವರ್ ತಿರುಗಿದಂತೆ ದಾರದಲ್ಲಿ ತೂಗಾಡುತ್ತಿದ್ದ ಅರಿಶಿನದ ಬೇರು ಸಾವಕಾಶವಾಗಿ, ತನ್ನ ಮನೆಗೆ ತಾನು ಹೋಗುವಂತೆ, ಲಿವರಿಗೂ ಕಾರ್ಬೊರೇಟರಿಗೂ ನಡುವಿನ ಸಂದಿಗೆ ಇಳಿದು ಕೂತಿತು. ಲಿವರ್ ಅರ್ಧಕ್ಕೆ ನಿಂತಿತು. ಬಾಗಿಲ ಸಂದಿಗೆ ಕಲ್ಲು ಸಿಕ್ಕಿದರೆ ಬಾಗಿಲು ನಿಲ್ಲುವುದಿಲ್ಲವೇ, ಹಾಗೆ.

"ಬಿಡ್ರಿ."

ಬಿಟ್ಟ. ಬೇರು ಹೊರಗೆ ಬಂದು ಏನೂ ಅರಿಯದಂತೆ ತೂಗಾಡಿತು.

"ಒತ್ರಿ." ಮತ್ತೆ ಒಳಗೆ. "ಬಿಡ್ರಿ." ಹೊರಗೆ.

"ಪೂರಾ ಒತ್ತೇನಿ ನೋಡ ಮತ್ತ" ಎಂದ ಮಲಕಾಜಪ್ಪ ಒಳಗಿನಿಂದ. "ಇನ್ನ ಮುಂದ ರಸ್ತೇನ ಐತಿ."

"ಹಂಗ ಹಿಡೀರಿ. ವೀರಪ್ಪಾ, ಇಲ್ಲಿ ಬಾ. ನಿನ್ನ ವಹೀನೂ ತಗೊಂಡು ಬಾ."

ವೀರಪ್ಪ ಬಂದು ಬಾಗಿದ. ರೂಢಿಯಂತೆ ಎರಡು ಬೆರಳಿನಿಂದ ಕಂಕಣ ಮೇಲೆತ್ತಿದ. ಬೇರು ಸಂದಿಯಿಂದ ಹೊರಬಂದದ್ದೇ ತಡ, ಲಿವರ್ ಪೂರ್ತಿ ತಿರುಗಿತು. ಇಂಜಿನ್ ಗುಡ್ಡ ನಡುಗುವಂತೆ ಗರ್ಜಿಸಿತು. ಒಳಗೆ ಮಲಕಾಜಪ್ಪ, "ಎಲ್ಲವ್ವಾ, ಉಧೋ ಉಧೋ" ಎನ್ನುತ್ತ ಕಾಲು ಕಿತ್ತು ಎರಡೂ ಕಾಲನ್ನು ಸೀಟಿನ ಮೇಲೆ ಇಟ್ಟುಕೊಂಡ.

"ಕಾಲು ಇಳಸ್ರಿ ಮಾವಾರ, ಇನ್ನೊಮ್ಮಿ. ವೀರಪ್ಪಾ, ಎತ್ತಬ್ಯಾಡ."

ಬೆಕ್ಕು.

"ಈಗ ಎತ್ತು."

ಹುಲಿ.

ಸಾಹುಕಾರರು ಬಗ್ಗಿ ನೋಡಿದರು, ಎದ್ದು ನಿಂತರು, ಮತ್ತೆ ಬಗ್ಗಿ ನೋಡಿದರು.

"ಸಾಹುಕಾರ್ರ" ಎಂದೆ, "ಇಬ್ಬರು ಮಿಸ್ತ್ರಿ, ಒಬ್ಬ ಡಿಪ್ಲೊಮಾ. ಮೂರೂ ಮಂದಿ ದೇವರನ್ನ ಎತ್ತಿ ಹಿಡದು ಇಂಜಿನ್ ನೋಡಿದ್ರು. ಗುಡ್ಡ ಏರುವಾಗ ಎತ್ತಿ ಹಿಡಿಯಾಕ ಯಾರು ಬಾನೆಟ್ಟಿನಾಗ ಕುಂಡ್ರಬೇಕ್ರಿ?"

ಸಾಹುಕಾರರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಿಸೆಯಲ್ಲಿಟ್ಟರು. ಕೀಲಿಯ ಮಾತು ಮುಗಿಯಿತು. ಆದರೆ ಕಾರು ನಿಂತಲ್ಲೇ ನಿಂತಿತ್ತು. ಎಲ್ಲಮ್ಮನ ಗುಡ್ಡದ ನಡುವೆ ಎಲ್ಲಮ್ಮನ ಕಂಕಣವನ್ನು ಬಿಚ್ಚುವವರು ಯಾರು? ಸಾಹುಕಾರರು ವೀರಪ್ಪನ ಮುಖ ನೋಡಿದರು.

"ನೀ ದೇವರನ್ನ ನಂಬಂಗಿಲ್ಲಲಾ ವೀರೂ, ಬಿಚ್ಚು."

"ನಂಬಂಗಿಲ್ಲ" ಎಂದು ವೀರಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಆದ್ರ ಮುಂದಿನ ತಿಂಗಳ ಪರೀಕ್ಷಾ ಐತ್ರಿ."

ಅಲ್ಲಿಯವರೆಗೆ ಬಂದ ನನ್ನ ಧೈರ್ಯ ನನ್ನ ಕೈಗೆ ಮಾತ್ರ ಬರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಕಾರಿನ ಹಿಂದಿನ ಬಾಗಿಲು ತೆರೆಯಿತು. ರಾಚವ್ವ ಇಳಿದು, ಎಲೆ ಉಗುಳಿ, ಮುಂದೆ ಬಂದಳು.

"ಏನ್ ನಡಸೀರಿ ಒದರಸ್ಕೋತ?"

ನಾನೇ ಹೇಳಿದೆ. "ಅವ್ವಾರ, ನೀವು ಕಂಕಣಾ ಕಟ್ಟಿದ್ದು ಎಕ್ಸಲೇಟರಿನ ಲಿವರಿಗೆ ರೀ. ಗಾಡಿ ಉಸರ ತಗೊಳ್ಳೂ ಬಾಗಲಾ ಅದು. ಬೇರು ಅಡ್ಡ ಬಂದು ಅರ್ಧಾ ಉಸರಿನ್ಯಾಗ ಏರಾಕ ಹತ್ತೇತಿ."

"ಬಾಗಲಾ?" ಎಂದಳು ರಾಚವ್ವ. "ನಾ ಕೈ ಅಂತ ತಿಳದಿದ್ದೆ. ಖಂಡೇನವಮಿ ದಿನಾ ನೀನ ಒದರಿಸಿದಿ ಹೌದಲ್ಲೋ? ಪಂಖಾ ತಾ ತಿರಗಾಕ ಹತ್ತಿತ್ತು, ಅದರ ಪಾಡಿಗೆ ಅದು. ಇನ್ನೊಮ್ಮಿ ಅಂದಾಗ ಅಲ್ಲಾಡಿ, ಬಿಡು ಅಂದಾಗ ಸುಮ್ಮನ ಆದದ್ದು ಇದೊಂದ. ಹೇಳಿದ ಮಾತು ಕೇಳತೈತಿ ಅಂದ ಮ್ಯಾಲ ಇದ ಗಾಡಿ ಕೈ ಅಂತ ತಿಳದು ಕಟ್ಟಿದೆ. ಕಂಕಣಾ ಕೈಗಲ್ಲದ ಮೂಗಿಗೆ ಕಟ್ಟತಾರೇನು?"

ನನ್ನ ಕಡೆ ತಿರುಗಿದಳು.

"ಬಾಗಲಾ ಅಂತ ಅವತ್ತ ಹೇಳಬೇಕಿಲ್ಲೋ ಜಟ್ಟ್ಯಾ? ಒಂದು ತಿಂಗಳಾತು ಊರು ತುಂಬ ಇವನ ಕಾಲು ಅಳಿಯಾಕ ಹತ್ತೀರಿ. ಕಟ್ಟಿದಾಕಿ ನಾ ಮನ್ಯಾಗ ಕುಂತೇನಿ. ಒಬ್ಬರರ ಬಂದು ನನ್ನ ಕೇಳಿದ್ರ್ಯಾ?"

ಎಂದವಳೇ ಬಾನೆಟ್ಟಿನೊಳಗೆ ಕೈ ಹಾಕಿ, ಬೆಳಿಗ್ಗೆ ಎಮ್ಮೆಯ ಕಣ್ಣಿ ಬಿಚ್ಚುವಷ್ಟೇ ಸಲೀಸಾಗಿ ಗಂಟು ಬಿಚ್ಚಿದಳು. ಕಂಕಣವನ್ನು ಕಣ್ಣಿಗೊತ್ತಿಕೊಂಡಳು. "ಹಂಗಾರ ಈ ಗಾಡೀದು ಕೈ ಯಾವದು?"

"ಸ್ಟೇರಿಂಗ್ ಇರಬೇಕಬೇ" ಎಂದರು ಸಾಹುಕಾರರು.

"ಅದು ಗಾಲಿ ಇದ್ದಂಗೈತಿ" ಎಂದು ತಳ್ಳಿಹಾಕಿದಳು. ಎಲ್ಲರನ್ನೂ ಒಮ್ಮೆ ನೋಡಿ, ನನ್ನ ಬಲಗೈ ಎಳೆದು, ಜಿಡ್ಡಿನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಬಿಗಿದಳು. "ಇನ್ನ ಹೊಡಿ."

ಹೊಡೆದೆ. ಎಕ್ಸಲೇಟರನ್ನು ಪೂರ್ತಿ ಒತ್ತಲೂ ಇಲ್ಲ, ಬರೀ ಕೇಳಿದೆ. ಕಾರು ಏರಿತು. ಅದು ಏರಿದ್ದನ್ನು ಬರೆಯಲು ನನ್ನ ಏಳನೆಯ ಇಯತ್ತೆ ಸಾಲದು. ಮೂರನೆಯ ತಿರುವಿನಲ್ಲಿ ಒಂದು ಬಸ್ಸನ್ನು ದಾಟಿದೆ. ದಾಟುವ ಅಗತ್ಯ ಇರಲಿಲ್ಲ, ದಾಟಿದೆ. ಅದರಾಚೆ ಒಂದು ಚಕ್ಕಡಿ ಹೋಗುತ್ತಿತ್ತು. ಎತ್ತುಗಳ ಗುರುತು ಹತ್ತಿತು, ಹೊಡೆಯುವವನದೂ ಹತ್ತಿತು. ಸಾಹುಕಾರರು ನನ್ನ ತೊಡೆ ಮುಟ್ಟಿ ನಿಧಾನ ಮಾಡೆಂದು ಸನ್ನೆ ಮಾಡಿದರು. ಮಾಡಿದೆ. ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಏನಪಾ, ಹಗ್ಗ ಬೇಕೇನು?" ಎಂದರು.

ಅವನ ಉತ್ತರ ಕೇಳಲು ನಾವು ಅಲ್ಲಿರಲಿಲ್ಲ.

ಗುಡ್ಡದ ಮೇಲೆ ಇಳಿದೆವು. ದರ್ಶನ ಮಾಡಿ ಬಂದು, ರಾಚವ್ವ ಕೈಯಲ್ಲಿ ಎಲ್ಲಮ್ಮನ ಭಂಡಾರದ ಅರಿಶಿನ ಪುಡಿ ಹಿಡಿದು ಕಾರಿಗೆ ಹಚ್ಚಿದಳು. ಆಮೇಲೆ ನನ್ನನ್ನು ಬಾನೆಟ್ಟಿಗೆ ಒರಗಿಸಿ ನಿಲ್ಲಿಸಿದಳು.

"ಬಲಗಾಲು ಮುಂದ ಮಾಡು. ವೀರೂ, ಬಾ ಇಲ್ಲಿ. ಕಾಲು ಹಿಡಿ ಇವಂದು, ಭಂಡಾರ ಹಚ್ಚಬೇಕು."

ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಎಷ್ಟೆಂದರೂ ಸಾಹುಕಾರರ ಮನೆಯ ಹುಡುಗ. ವೀರಪ್ಪನೂ ಕದಲಲಿಲ್ಲ. "ಆಯಿ, ಮಂದಿ ನೋಡಾಕ ಹತ್ಯಾರ" ಎಂದ.

"ಅಂಗಳದಾಗ ಅಂದಾಗೂ ಮಂದಿ ನೋಡಾಕ ಹತ್ತಿತ್ತು. ಕಾಲಿಗೆ ಅಂದ ಮಾತನ್ನ ಕಾಲಿನ ಮುಂದ ವಾಪಸ ತಗೋಬೇಕು. ಬಗ್ಗು."

ವೀರಪ್ಪ ಬಗ್ಗಿದ. ಕಿಸೆಯಿಂದ ಮೂರೂ ಪೆನ್ನು ಒಂದೊಂದಾಗಿ ನನ್ನ ಪಾದದ ಸುತ್ತ ಉದುರಿದವು. ಎರಡೂ ಕೈಯಿಂದ ಹಿಮ್ಮಡಿ ಹಿಡಿದ. ರಾಚವ್ವ ಹೆಬ್ಬೆರಳಿನಿಂದ ಹಿಡಿದು ಕೀಲಿನ ತನಕ ಅರಿಶಿನ ಬಳಿದಳು. ಸಾಹುಕಾರರು ಬೇರೆ ಕಡೆ ನೋಡುವ ಹಾಗೆ ನಿಂತು ಇದನ್ನೇ ನೋಡುತ್ತಿದ್ದರು. ದರ್ಶನಕ್ಕೆ ಬಂದ ನಾಲ್ಕು ಜನ ಹೆಣ್ಣುಮಕ್ಕಳು, ಏನು ಎತ್ತ ತಿಳಿಯದೆ, ನನ್ನ ಕಾಲಿಗೂ ಒಮ್ಮೆ ಕೈಮುಗಿದು ಮುಂದೆ ಹೋದರು. ನನಗೆ ಯಾವ ಸಿಟ್ಟೂ ನೆನಪಾಗಲಿಲ್ಲ. ಆ ದಿನ ಬೈಯಬೇಕೆಂದು ಬಹಳ ಮಾತು ಕೂಡಿಟ್ಟುಕೊಂಡು ಬಂದಿದ್ದೆ.

ವೀರಪ್ಪ ಏಳಲು ಹೊರಟ. ಆಗ ಅವನ ಮುಖದ ಮುಂದೆ ಇನ್ನೊಂದು ಕಾಲು ಬಂತು. ಒಡೆದ ಹಿಮ್ಮಡಿ, ಎರೆಮಣ್ಣಿನ ಬಣ್ಣ.

"ಅಳಿಯಂದ್ರು ತೋರಿಸಿದ್ದು ಖರೇ" ಎಂದ ಮಲಕಾಜಪ್ಪ, ಧೋತರವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು. "ಆದ್ರ ಒತ್ತಿದ್ದು ನಾನ ಅಲ್ರ್ಯಾ?"

ಅದಕ್ಕೂ ಹಚ್ಚಿದಳು. ವೀರಪ್ಪನೇ ಹಿಡಿದ.